ಗಂಗವ್ವನ ಬಾಯಿ ವಾಪಸ್ ಬಂತು

ಕೊರಿಯರ್ ಹುಡುಗಿ ಗಂಗವ್ವನ ಬಾಯಿಯನ್ನು ತಂದುಕೊಟ್ಟಾಗ ವೃದ್ಧಾಶ್ರಮದಲ್ಲಿ ಸರ್ಕಾರಿ ತಪಾಸಣೆ ನಡೆದಿತ್ತು. ಮುದುಕರನ್ನು ದವಾಖಾನೆಗೆ ಒಯ್ಯುವುದು ಆಶ್ರಮಕ್ಕೆ ರಗಳೆ, ಇಲ್ಲಿಗೆ ಬರುವುದು ದಂತವೈದ್ಯರಿಗೆ ಅವಮಾನ. ಹಾಗಾಗಿ ಬಾಯಿಯನ್ನಷ್ಟೇ ಬಿಚ್ಚಿ ಡಬ್ಬಿಯಲ್ಲಿ ಕಳಿಸುವ ಪದ್ಧತಿ ಬಂದಿತ್ತು. ಅದು ವಾಪಸ್ ಬರುವತನಕ ಮೂಗಿನ ನಳಿಗೆಯಲ್ಲಿ ಗಂಜಿ.

"ನಮ್ಮಲ್ಲಿ ಒಬ್ಬರೂ ತಕರಾರು ಮಾಡೂದಿಲ್ರಿ ಮೇಡಂ," ಎಂದು ಮ್ಯಾನೇಜರ್ ಬಸಲಿಂಗಪ್ಪ ಹೇಳುತ್ತಿದ್ದ. ಸಾಲಾಗಿ ಕುಳಿತಿದ್ದ ಬಾಯಿ ಇಲ್ಲದ ಮುಖಗಳನ್ನು ನೋಡಿ ಅಧಿಕಾರಿ, "ಎಷ್ಟು ಶಾಂತವಾಗಿದ್ದಾರೆ!" ಎಂದು ಮೆಚ್ಚಿದಳು.

ಅಷ್ಟರಲ್ಲಿ ಗಂಗವ್ವ ಡಬ್ಬಿಯ ಮುಚ್ಚಳ ತೆಗೆದಳು. ಬಾಯಿ ಒಳಗಿನಿಂದಲೇ ಶುರು ಮಾಡಿತು: "ಏ ಬಸಲಿಂಗ್ಯಾ! ಮೂರನೇ ಸಲ ಹೋಗಿ ಬಂದೇನಿ, ದವಡಿ ಹಲ್ಲು ಇನ್ನೂ ಹಂಗ ಸಿಡೀತೈತಿ. ಆ ಡಾಕ್ಟರ್ ಮುಚ್ಚಳಾನೂ ತೆಗೀಲಿಲ್ಲೋ!"

"ಇನ್ನೂ ಆರಾಮ ಆಗಿಲ್ರಿ ಮೇಡಂ, ತಿರುಗಿ ಕಳಸ್ತೀನಿ," ಎನ್ನುತ್ತ ಬಸಲಿಂಗಪ್ಪ ಡಬ್ಬಿ ಮುಚ್ಚಲು ಕೈ ಹಾಕಿದ. ಬಾಯಿ ತನ್ನ ನೋವಿಲ್ಲದ ಬದಿಯ ಹಲ್ಲುಗಳಿಂದ ಅವನ ತೋರುಬೆರಳನ್ನು ಕಚ್ಚಿ ಹಿಡಿಯಿತು.

ಅವನು ಫೋನಿನಲ್ಲಿ ಕಿರುಚಿದ್ದೇ ತಡ, ದಂತವೈದ್ಯರು ಓಡೋಡಿ ಬಂದರು. ವರ್ಷಗಟ್ಟಲೆ ಗೊತ್ತಾಗದ ಆಶ್ರಮದ ದಾರಿ ಆ ಮಹಾನುಭಾವರಿಗೆ ಅಂದು ಸಿಕ್ಕೇಬಿಟ್ಟಿತು.

"ಅಜ್ಜಿ, ಬೆರಳು ಬಿಡ್ರಿ," ಎಂದು ಬೇಡಿಕೊಂಡರು.

ಬಾಯಿ ಕಚ್ಚಿಕೊಂಡೇ ತೊದಲಿತು: "ಮೊದಲ ನನ್ನ ಹಲ್ಲು ನೋಡ್ರಿ. ಬೆರಳು ಆಮ್ಯಾಲ."

ಬಸಲಿಂಗಪ್ಪ ಅಳುತ್ತ ಕೂಗಿದ: "ಲಗೂನ ನೋಡ್ರಿ ಸರ! ಪಾಪ, ಮುದುಕಿಗೆ ಎಷ್ಟು ನೋವಾಗಿರಬೇಕು!"