ಬೊಗಳುವ ಪಾಳಿ

ಅರಣ್ಯ ಇಲಾಖೆಯವರು ಗುಡ್ಡಕ್ಕೆ ತೋಳಗಳನ್ನು ಮರಳಿ ತಂದು ಬಿಟ್ಟ ವರ್ಷ, ನಾಯಿಗಳ ರೋಗ ಅವಕ್ಕೆ ತಗುಲೀತೆಂದು ಸುತ್ತಲಿನ ನಾಯಿಗಳನ್ನೆಲ್ಲ ಲಾರಿಗೆ ತುಂಬಿ ದೂರ ಸಾಗಿಸಿದರು. ಅಂದಿನಿಂದ ಕುರಿದೊಡ್ಡಿ ಕಾಯಲು ಕುರುಬರೇ ಪಾಳಿಯ ಮೇಲೆ ಬೊಗಳುತ್ತಾರೆ. ಅದರಲ್ಲಿ ಯಮನೂರಪ್ಪನನ್ನು ಮೀರಿಸುವವರಿಲ್ಲ. ಅವನು ಒಮ್ಮೆ ಬೊಗಳಿದರೆ ಏಳು ಗುಡ್ಡದಾಚೆ ಬಸ್ಸುಗಳು ಬ್ರೇಕು ಹಾಕುತ್ತಿದ್ದವು, ಮುಳುಗುವ ಸೂರ್ಯ ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದ.

ಆ ಸಂಜೆ ಮಾತ್ರ ಆನೆಗಾತ್ರದ ತೋಳವೊಂದು ಅವನ ಬೊಗಳಿಕೆ ಕೇಳಿ ಆಕಳಿಸಿ, ಆಗಷ್ಟೇ ಹುಟ್ಟಿದ ಕುರಿಮರಿಯತ್ತ ನಡೆದೇ ಬಂತು.

“ನೀವು ಅಳಿಯಗ ಬೈದಂಗ ಬೊಗಳಾಕ ಹತ್ತೀರಿ!” ಎಂದು ಹೆಂಡತಿ ಹುಲಿಗೆವ್ವ ಮರಿಯನ್ನು ಸೆರಗಿನೊಳಗೆ ಎಳೆದುಕೊಂಡಳು. “ನಮ್ಮ ಬಂಟನಂಗ ಬೊಗಳ್ರಿ!”

ಬಂಟ ಅವರ ನಾಯಿ, ಅವನೂ ಲಾರಿ ಹತ್ತಿ ಹೋದವನೇ. ಯಮನೂರಪ್ಪ ಕಣ್ಣು ಮುಚ್ಚಿದ. ಮೊದಲು ಒಂದು ಸೀನು, ಆಮೇಲೆ ಎದೆಯಾಳದ ಗುರ್‌ಗುರ್, ಕೊನೆಗೆ ಬಂಟನದೇ ಒಡಕು ದನಿಯ ಬೊಗಳು ಹೊರಟಿತು. ತೋಳ ಬಾಲ ಮುದುರಿ ಮೂರು ತಾಲೂಕು ದಾಟಿತು.

ಯಮನೂರಪ್ಪ ನಿಲ್ಲಿಸಲಿಲ್ಲ.

“ಸಾಕ್ರಿ, ತೋಳ ಯಾವಾಗೋ ಹೋತು.”

“ಗೊತ್ತೈತಿ, ಸುಮ್ನಿರು,” ಎಂದ ಅವನು, ಕಣ್ಣು ತೆರೆಯದೆ. “ಎಷ್ಟು ದಿನಾದ ಮ್ಯಾಲ ಬಂದಾನ, ಇನ್ನೊಂದೀಟು ಬೊಗಳ್ಲಿ.”