ಗಾಲಿಯ ಧೂಳು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಂದು ಮಕ್ಕಳ ಆಟದ ಕೋಣೆಯ ಉದ್ಘಾಟನೆ. ಬಾಗಿಲ ಮೇಲೆ ‘ಎಲ್ಲ ಮಕ್ಕಳಿಗೂ ಸ್ವಾಗತ’ ಎಂದು ಬರೆಸಿದ್ದರು. ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೆಂದೇ ಇಳಿಜಾರು ಕಟ್ಟಿಸಿದ್ದರು. ಬಂದವರೆಲ್ಲ ಅದರ ಮೇಲೆಯೇ ಚಪ್ಪಲಿ ಬಿಟ್ಟಿದ್ದರು. ಆ ರಾಶಿ ನೋಡಿ ನನಗೆ ಹೇಸಿಗೆಯಾಯಿತು.

ಕಸ ಗುಡಿಸುವ ಚಿಕ್ಕತಾಯಮ್ಮ ಚಪ್ಪಲಿಗಳನ್ನು ಬದಿಗೆ ಸರಿಸಿ ದಾರಿ ಮಾಡಿಕೊಟ್ಟಳು. ನಾನು ಮೊಮ್ಮಗಳ ಕುರ್ಚಿಯನ್ನು ಬಾಗಿಲವರೆಗೆ ತಳ್ಳಿದೆ. ಸಂಘದ ಕಾರ್ಯದರ್ಶಿ ಅಡ್ಡ ನಿಂತರು.

“ಆಂಟಿ, ಕುರ್ಚಿ ಹೊರಗಿರಲಿ. ಗಾಲಿ ಬೀದಿಯಲ್ಲೆಲ್ಲ ಓಡಾಡಿರುತ್ತೆ. ಅದೂ ಚಪ್ಪಲಿ ಇದ್ದ ಹಾಗೇ ಅಲ್ವಾ?”

ಚಿಕ್ಕತಾಯಮ್ಮ ಬಗ್ಗಿ ನಾಲ್ಕೂ ಗಾಲಿಗಳನ್ನು ಸೆರಗಿನಿಂದ ಒರೆಸಿದಳು. “ಈಗ ನಿಮ್ಮ ಕಾಲಿಗಿಂತ ಚೊಕ್ಕಟವಾಗೈತೆ ಸಾರ್.”

“ರೂಲ್ಸು ಅಂದ್ರೆ ಎಲ್ಲರಿಗೂ ಒಂದೇ,” ಎಂದರು ಅವರು.

ಮಗುವನ್ನು ಎತ್ತಿಕೊಂಡು ಹೋಗಿ ಗೋಡೆಗೆ ಒರಗಿಸಿ ಕೂರಿಸಿದೆ. ಬಣ್ಣದ ಚೆಂಡುಗಳ ತೊಟ್ಟಿ ಆಚೆ ಮೂಲೆಯಲ್ಲಿತ್ತು.

“ಕುರ್ಚಿ ಇದ್ದಿದ್ರೆ ನಾನೇ ಹೋಗ್ತಿದ್ದೆ ಅಜ್ಜಿ,” ಅಂದಳು.

ಅಷ್ಟರಲ್ಲಿ ಫೋಟೊ ತೆಗೆಯುವವನು ಬಂದ. “ಸಾರ್, ಎಲ್ಲ ಮಕ್ಕಳಿಗೂ ಅಂತ ಬರೆಸಿದೀರ. ಫೋಟೊದಲ್ಲಿ ಒಂದು ಗಾಲಿಕುರ್ಚಿ ಇದ್ರೆ ಚೆನ್ನಾಗಿರುತ್ತೆ.”

“ಅದಕ್ಕೇನು, ಹೊರಗೇ ಇದೆ. ತರ್ತೀನಿ,” ಎಂದು ಕಾರ್ಯದರ್ಶಿ ಹೋದರು.

ಮೊಮ್ಮಗಳು ಬೇಗ ಬೇಗ ಕೂದಲು ಸವರಿಕೊಂಡು, ಎತ್ತಿಕೋ ಎಂದು ನನ್ನತ್ತ ಎರಡೂ ಕೈ ಚಾಚಿದಳು.

ಕಾರ್ಯದರ್ಶಿ ಕುರ್ಚಿಯನ್ನು ತಾವೇ ಒಳಗೆ ತಳ್ಳಿಕೊಂಡು ಬಂದರು. ಅದರಲ್ಲಿ ಅವರ ಮಗ ಬೂಟು ಹಾಕಿಕೊಂಡೇ ಕೂತಿದ್ದ.