ವಾಯರ್ ಇಲ್ಲದ ಗಿಟಾರ

ಅಲ್ಲಾಬಕ್ಷನ ಗಿಟಾರಿನ ವಾಯರನ್ನು ಆರ್ಕೆಸ್ಟ್ರಾದ ಹುಡುಗರು ಅವನಿಗೆ ಹೇಳದೆ ಆಂಪ್ಲಿಫಾಯರಿನಿಂದ ಕಿತ್ತಿದ್ದರು. ಶಿಗ್ಗಾಂವದ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಎರಡು ಹಾಡು ಮುಗಿಯುವವರೆಗೂ ಅವನು ತನ್ನ ಕಿವಿಯೇ ಮಂದವಾಯಿತೆಂದು ತಿಳಿದಿದ್ದ. ಮೂರನೆಯದಕ್ಕೆ ಮುಂಚೆ ತಂತಿ ಮೀಟಿ ನೋಡಿದರೆ ತಗಡು ಕೆರೆದಷ್ಟೇ ಸದ್ದು. ಮುಂದಿನ ಸಾಲಿನಿಂದ ಯಾರೋ, "ಅಜ್ಜಾರ ಕರೆಂಟ ಹೋಗೇತಲೇ," ಎಂದರು.

"ಡಿಸ್ಕೋಕ್ಕ ನಿಮ್ಮ ರಾಕ್ ಹೊಂದೂದಿಲ್ರಿ, ಉಸ್ತಾದ್ರ," ಎಂದ ಕ್ಯಾಸಿಯೋ ಕೀಬೋರ್ಡ್ ನುಡಿಸುವ ಪ್ರಾಣೇಶ, ತಲೆ ಎತ್ತದೆ. "ತಾಳ, ಬೇಸ್ ಎಲ್ಲಾ ಇದರಾಗ ಅದ. ಆದ್ರ ಸ್ಟೇಜಿನ ಮ್ಯಾಲೆ ಗಿಟಾರ ಕಾಣಬೇಕಲ್ರಿ. ಸುಮ್ಮನ ಕೈ ಆಡಸ್ರಿ."

ಇಂಥದೇ ಮಾತನ್ನು ಹಿಂದೊಮ್ಮೆ ಅಲ್ಲಾಬಕ್ಷನೇ ಆಡಿದ್ದ. ಎಪ್ಪತ್ತೆರಡನೇ ಇಸವಿಯಲ್ಲಿ ಅವನು ಸವಣೂರಿಗೆ ಮೊದಲ ಸಲ ಕರೆಂಟಿನ ಗಿಟಾರ ತಂದಾಗ, ಹಾರ್ಮೋನಿಯಂ ನುಡಿಸುವ ನರಸಿಂಹ ಮಾಸ್ತರರಿಗೆ ಇದನ್ನೇ ಹೇಳಿದ್ದ: "ನಿಮ್ಮ ಸ್ವರ ಬ್ಯಾಡ್ರಿ, ಬರೇ ತಿದಿ ಒತ್ರಿ." ಮಾಸ್ತರರು ನಗುತ್ತಲೇ ಇಡೀ ಕಾರ್ಯಕ್ರಮ ಖಾಲಿ ತಿದಿ ಒತ್ತಿದರು. ಆಮೇಲೆ ಸಾಯುವವರೆಗೂ ಹಾರ್ಮೋನಿಯಂ ಮುಟ್ಟಲಿಲ್ಲ. ಅವರು ಹೊಸದನ್ನು ಒಪ್ಪಿಕೊಂಡರೆಂದೇ ಅವನು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದ.

ಪ್ರಾಣೇಶ ಗುಂಡಿ ಒತ್ತಿದ. ಯಂತ್ರದ ತಾಳ ಶುರುವಾಯಿತು, ಹುಡುಗರು ಎದ್ದು ಕುಣಿದರು. ತಾಳ ಚೆನ್ನಾಗಿಯೇ ಇತ್ತು. ಅಲ್ಲಾಬಕ್ಷನಿಗೆ ಸಂಕಟವಾದದ್ದು ಅದಕ್ಕೇ.

"ಕೈ ಆಡಸ್ರಿ ಉಸ್ತಾದ್ರ, ಮಂದಿ ನೋಡ್ಲಿಕತ್ತಾರ."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸ್ಟೇಜಿನ ನಡುವೆಯೇ ನಿಂತ.

"ನಿನ್ನ ಹಾಡು ಚೊಲೋ ಐತಿ, ತಮ್ಮಾ. ನೀ ಬಾರಿಸು. ನಾ ಆಡಸಂಗಿಲ್ಲ."